ಮ್ಯೂಸಿಯಮ್ಮಿಗೆ ಕೊಟ್ಟ ಮರದ ಹಂದಿ

ಕೊಳ್ಳುವುದು, ಮಾರುವುದು ಯಾರಿಗಾದರೂ ಬರುತ್ತದೆ. ಕೊಟ್ಟದ್ದನ್ನು ವಾಪಸು ಕೇಳುವುದು ಬೇರೆಯೇ ವಿದ್ಯೆ. ಕಾರ್ಕಳದಲ್ಲಿ ಹಳೆ ಬಾಗಿಲು, ಕಂಬಗಳ ವ್ಯಾಪಾರ ಮಾಡಿ ತಲೆ ಎತ್ತಿದ ನನಗೂ ಆ ವಿದ್ಯೆ ಹತ್ತಲಿಲ್ಲ. ನೀವಾದರೂ ಕಲಿತುಕೊಳ್ಳಿ ಎಂದು ಹೇಳುತ್ತಿದ್ದೇನೆ.

ಕಾಪುವಿನಲ್ಲಿ ನನ್ನ ಹೆಂಡತಿಯ ತವರಿನ ದೈವಸ್ಥಾನ ಜೀರ್ಣೋದ್ಧಾರವಾದಾಗ ಹಂದಿ ರೂಪದ ಪಂಜುರ್ಲಿ ದೈವಕ್ಕೆ ಹೊಸ ಮೂರ್ತಿ ಬಂತು. ಹಳೆಯದು ಗೆದ್ದಲು ತಿಂದ ಮರದ ಹಂದಿ. ಪದ್ಧತಿಯಂತೆ ಅದು ಸಮುದ್ರಕ್ಕೆ ಹೋಗಬೇಕು. ನೀರಿನಲ್ಲಿ ಕರಗಿದರೇ ಅದಕ್ಕೆ ಬಿಡುಗಡೆ. ಅಂಥ ಕೆತ್ತನೆಯನ್ನು ಮೀನಿಗೆ ಹಾಕುವುದೇ ಎಂದು ನನ್ನ ವ್ಯಾಪಾರಿ ಜೀವ ಚಡಪಡಿಸಿತು. ಹಳೆಯ ಕೆತ್ತನೆ ಹುಡುಕಿಕೊಂಡು ಉಡುಪಿಗೆ ಬಂದಿದ್ದ ದೆಹಲಿಯ ರಾಷ್ಟ್ರೀಯ ಕಲಾ ಮ್ಯೂಸಿಯಮ್ಮಿನವರೊಡನೆ ಮಾತಾಡಿ, ಮನೆಯವರನ್ನೆಲ್ಲ ಒಪ್ಪಿಸಿ, ಸಾಗಹಾಕಿದೆ. ಹಂದಿಗೆ ದೆಹಲಿಯಲ್ಲಿ ಮನೆಯಾಯಿತೆಂದು ಎಲ್ಲರೂ ಪಾಯಸ ಉಂಡೆವು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೆಂಡತಿಯ ತಮ್ಮ ಜಯಂತ ರಕ್ತದ ಕಾಯಿಲೆಯಿಂದ ಮಣಿಪಾಲದಲ್ಲಿ ಮಲಗಿದ. ಅತ್ತೆ ಡಾಕ್ಟರನ್ನು ಬಿಟ್ಟು ನನ್ನನ್ನು ಹಿಡಿದರು.

"ಅದು ಕರಗಲಿಲ್ಲ, ಅದಕ್ಕೇ ಇವನು ಕರಗ್ತಾ ಇದ್ದಾನೆ. ಕೊಡಿಸಿದವರು ನೀವು, ತರಬೇಕಾದವರೂ ನೀವೇ ಅಲ್ವಾ?"

ಜಯಂತ ದಿಂಬಿಗೆ ಒರಗಿ ನಕ್ಕ. "ಹೋಗಿ ಬನ್ನಿ ಭಾವ. ಇಲ್ಲಿದ್ದರೆ ನೀವು ಡಾಕ್ಟರ ಹತ್ರವೂ ಚೌಕಾಶಿ ಮಾಡ್ತೀರಿ."

ರೈಲು ಹತ್ತಿದೆ. ಮ್ಯೂಸಿಯಮ್ಮಿನ ಅಧಿಕಾರಿ ಪುಣ್ಯಕ್ಕೆ ಮೈಸೂರಿನ ಹೆಂಗಸು. ಹಂದಿಯನ್ನು ತೋರಿಸಿದರು. ಗೆದ್ದಲಿನ ತೂತುಗಳಿಗೆಲ್ಲ ಮೇಣ ತುಂಬಿ, ಹಲ್ಲಿಗೆ ಬೆಳಕು ಬಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಜಯಂತನಿಗಿಂತ ಆರೋಗ್ಯವಾಗಿತ್ತು.

"ವಾಪಸು ತಗೊಂಡು ಏನು ಮಾಡ್ತೀರಿ?" ಎಂದರು.

"ಸಮುದ್ರಕ್ಕೆ ಹಾಕ್ತೇವೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಂಥಲ್ಲಿ ನಿಜ ಹೇಳಬಾರದು, ನೆನಪಿಡಿ. ಸಂಗ್ರಹಕ್ಕೆ ಸೇರಿದ್ದು ಹೊರಗೆ ಹೋಗುವ ಕ್ರಮವೇ ಇಲ್ಲವಂತೆ. ಕೈಚೀಲದಿಂದ ಬಾಟಲಿ ತೆಗೆದೆ. ಇಂಥ ಮಾತು ಬಂದೀತೆಂದೇ ಕಾಪುವಿನ ಸಮುದ್ರದ ನೀರು ತುಂಬಿಸಿ ತಂದಿದ್ದೆ.

"ಹಾಗಾದರೆ ಒಂದು ಲೋಟ ಹೊಯ್ಯಲಿಕ್ಕಾದರೂ ಬಿಡಿ."

"ಸರ್, ಗಾಳಿಯ ತೇವ ಕೂಡ ತಾಗಬಾರದು ಅಂತ ಮೆಶಿನ್ ಇಟ್ಟಿದ್ದೀವಿ."

"ಒಂದು ಚಮಚ?"

"ಇಲ್ಲ."

"ಒಂದು ಹನಿ?"

"ಯೋಚನೆ ಮಾಡಬೇಡಿ, ಇನ್ನು ನೂರು ವರ್ಷ ಇದಕ್ಕೆ ಏನೂ ಆಗಲ್ಲ" ಎಂದು ಆಕೆ ನನಗೆ ಸಮಾಧಾನ ಹೇಳಿದರು.

ನಾನು ಊರು ಮುಟ್ಟಿದ ವಾರದಲ್ಲೇ ಜಯಂತ ಹೋದ. ಬೂದಿಯನ್ನು ಕಾಪುವಿನ ನೀರಿಗೆ ಬಿಟ್ಟೆವು. ಅತ್ತೆ ತೆರೆಗಳನ್ನೇ ನೋಡುತ್ತ ಕೇಳಿದರು, "ಅದು ಹೇಗುಂಟು?"

"ಚೆನ್ನಾಗಿ ಉಂಟು ಅತ್ತೆ. ನೂರು ವರ್ಷ ಏನೂ ಆಗುವುದಿಲ್ಲವಂತೆ."

"ಪಾಪ" ಎಂದರು. ಯಾರಿಗೆಂದು ನಾನು ಕೇಳಲಿಲ್ಲ.

ಉತ್ತರಕ್ರಿಯೆಗೆಂದು ಉಡುಪಿಯಲ್ಲಿ ಚೌಕಾಶಿ ಮಾಡಿ ಜಯಂತನ ದೊಡ್ಡ ಫೋಟೋಕ್ಕೆ ಗಾಜಿನ ಕಟ್ಟು ಹಾಕಿಸಿ ತಂದೆ. ಅತ್ತೆ ಗೋಡೆಗೆ ಮೊಳೆ ಹೊಡೆಯಲು ಬಿಡಲಿಲ್ಲ. "ಅವನನ್ನಾದರೂ ಗಾಜಿನೊಳಗೆ ಹಾಕಬೇಡಿ" ಎಂದು ಫೋಟೋ ಬಿಡಿಸಿಕೊಂಡು ಸೀರೆಯ ಮಡಿಕೆಯೊಳಗೆ ಇಟ್ಟರು. ಅಳತೆಗೆ ಕತ್ತರಿಸಿದ ಗಾಜನ್ನು ಅಂಗಡಿಯವ ಹಿಂದೆ ತೆಗೆದುಕೊಳ್ಳಲಿಲ್ಲ. ಖಾಲಿ ಕಟ್ಟು ಈಗ ನಮ್ಮ ಅಟ್ಟದಲ್ಲಿದೆ. ದಂಡವಾಗುವುದು ಬೇಡ, ಮುಂದೆ ನನ್ನ ಫೋಟೋಕ್ಕಾಗುತ್ತದೆ ಎಂದು ಹೆಂಡತಿಗೆ ಹೇಳಿಟ್ಟಿದ್ದೇನೆ. ಅವಳು ಬೇಡವೆನ್ನಲಿಲ್ಲ.