ನಲವತ್ತೊಂದು ಸಲ ಹಾರಿದ ಮಂಗಟ್ಟೆಯ ಬಗ್ಗೆ ಕರಿಹಲಗೆಯವರಿಗೊಂದು ದೂರು

ದಾಂಡೇಲಿಯ ನಮ್ಮ ಹುಡುಗಿಯರ ಹಾಸ್ಟೆಲ್ಲಿನ ಊಟದ ಕೋಣೆಯ ಬಾಗಿಲಲ್ಲಿ, ಬಲಗಾಲಿಗೆ ಇಟ್ಟಿಗೆ ಚೂರಿನ ಆಸರೆ ಪಡೆದರೂ ಎದೆ ಸೆಟೆದು ನಿಂತಿರುವ ಶ್ರೀ ಕರಿಹಲಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಅನಮೋಡದಿಂದ ಬಂದ, ಬಿ.ಎ. ಮೊದಲ ವರ್ಷದ ಸಿಲ್ವಿಯಾ ಎಂಬ ನಾನು, ಐದನೇ ಇಯತ್ತೆಯಿಂದಲೂ ಹಾಸ್ಟೆಲ್ಲುಗಳಲ್ಲೇ ಬೆಳೆದು ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಟೆನ್ಶನ್ ಮಾಡಿಕೊಳ್ಳಲು ಕಲಿತವಳು, ತಮ್ಮ ಮೈಮೇಲಿನ ಸೀಮೆಸುಣ್ಣದ ಪುಡಿಗೆ ತಲೆಬಾಗಿ ವಂದಿಸಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಪ್ಪಿದ್ದರೆ ಸಾರಿ. ತಪ್ಪಿಲ್ಲದಿದ್ದರೂ ಸಾರಿ, ಅಭ್ಯಾಸವಾಗಿಬಿಟ್ಟಿದೆ.

ತಮ್ಮ ಘನತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ದಿನಾ ಬೆಳಗ್ಗೆ ಆರೂವರೆಯ ಗಂಟೆ ಬಾರಿಸುವುದರೊಳಗೆ ಪಾಳಿಯ ಹುಡುಗಿ ತಮ್ಮ ಮೇಲೆ ಹೊಸದೊಂದು ಮಾಹಿತಿ ಬರೆಯಬೇಕು. ಉಳಿದವರು ಅದನ್ನು ಓದಿಕೊಂಡು, ತಟ್ಟೆ ಹಿಡಿದು ನಿಂತು, ಅಡುಗೆಯ ಗೋದುಬಾಯಿಗೆ ಬಾಯಿಪಾಠ ಒಪ್ಪಿಸಬೇಕು. ಒಪ್ಪಿಸಿದವರಿಗೆ ಉಪ್ಪಿಟ್ಟು, ತಡವರಿಸಿದವರು ಸಾಲಿನ ಕೊನೆಗೆ. ಮುಂದೆ ನಾವೆಲ್ಲ ಸರ್ಕಾರಿ ಪರೀಕ್ಷೆ ಬರೆಯಬೇಕೆಂದು ವಾರ್ಡನ್ ಮಹಾದೇವಕ್ಕನವರು ಮಾಡಿದ ಕಾನೂನು ಇದು. "ಹಲಗಿ ಏನಂತೈತಿ ಇವತ್ತ?" ಎಂದು ಸೌಟು ಎತ್ತಿ ಕೇಳುವ ಗೋದುಬಾಯಿಯವರಿಗೆ ಅಕ್ಷರ ಬಾರದು, ಆದರೆ ಒಂದೊಂದು ಮಾಹಿತಿಯನ್ನೂ ಅರವತ್ತು ಬಾಯಿಂದ ಅರವತ್ತು ಸಲ ಕೇಳಿದ ಅವರು, ಬಟಾಟೆ ಪೋರ್ಚುಗೀಸರಿಂದ ಬಂದ ಪದವೆಂದೂ, ಬನವಾಸಿ ಕದಂಬರ ರಾಜಧಾನಿಯಾಗಿತ್ತೆಂದೂ, ನಮ್ಮ ಕಾಳಿ ನದಿ ಡಿಗ್ಗಿಯ ಹತ್ತಿರ ಹುಟ್ಟುತ್ತದೆಂದೂ ಹಿಟ್ಟು ನಾದುತ್ತಲೇ ಹೇಳಬಲ್ಲರು. ಆಕ್ಟೋಪಸ್ಸಿಗೆ ಮೂರು ಹೃದಯವೆಂದು ಬರೆದ ದಿನವಂತೂ "ಮೂರೂ ಒಮ್ಮೇಲೆ ಬಡಕೊಂಡ್ರ ಪಾಪ ಅದಕ ನಿದ್ದಿ ಹೆಂಗ ಬರತೈತಿ, ಯವ್ವಾ?" ಎಂಬ ಚಿಂತೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದರು.

ಇನ್ನು ದೂರಿಗೆ ಬರುತ್ತೇನೆ. ನನ್ನ ಪಾಳಿಯ ದಿನ ನಮ್ಮ ರೂಮಿನ ಏಕೈಕ ಜಿ.ಕೆ. ಪುಸ್ತಕವು ರೂಮಿನ ಗೆಳತಿ ಮಧುಮತಿಯ ಚೀಲದೊಳಗೆ ಕೂತು ಅವಳ ಊರು ತೇರಗಾಂವಕ್ಕೆ ಹೋಗಿತ್ತು, ಫೋನುಗಳು ಮಹಾದೇವಕ್ಕನವರ ಕಪಾಟಿನಲ್ಲಿದ್ದವು, ಗಂಟೆಗೆ ನಾಲ್ಕೇ ನಿಮಿಷ ಬಾಕಿಯಿತ್ತು. ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕಾವು ಕೂರುತ್ತದೆ, ಗಂಡು ಹೊರಗಿನಿಂದ ಆಹಾರ ತಂದುಕೊಡುತ್ತದೆ ಎಂದು ಬರೆದೆ. ಅದು ನಿಜ. ಅಲ್ಲಿಗೇ ನಿಲ್ಲಬೇಕಿತ್ತು. ಆದರೆ "ನಂಬರ ಎಲ್ಲೈತೆವಾ? ನಂಬರ ಇಲ್ಲಂದ್ರ ಪರೀಕ್ಷಾದಾಗ ಏನ ಕೇಳ್ತಾರ?" ಎಂದು ಮಹಾದೇವಕ್ಕನವರು ದಿನಾ ಗದರಿಸುವುದು ನೆನಪಾಯಿತು. "ದಿನಕ್ಕೆ ನಲವತ್ತೊಂದು ಸಲ" ಎಂದು ಸೇರಿಸಿಬಿಟ್ಟೆ. ನಲವತ್ತೊಂದು ಎಂಬುದು ಮಂಚದ ಕೆಳಗಿರುವ ನನ್ನ ಟ್ರಂಕಿನ ನಂಬರು.

ಆಗ ತಾವು ಏನು ಮಾಡಿದಿರಿ, ಮಾನ್ಯರೇ? ಕೆಮ್ಮಲಿಲ್ಲ. ಸೀಮೆಸುಣ್ಣ ಕಚ್ಚಲಿಲ್ಲ. ಇಟ್ಟಿಗೆಯಿಂದ ಜಾರಿ ನನ್ನ ಕಾಲ ಮೇಲಾದರೂ ಬೀಳಬಹುದಿತ್ತು, ಬೀಳಲಿಲ್ಲ. ಕದಂಬರನ್ನು ಹೊತ್ತ ಅದೇ ಗಾಂಭೀರ್ಯದಿಂದ ನನ್ನ ಟ್ರಂಕನ್ನೂ ಹೊತ್ತಿರಿ. ಎಂಥ ಸಮಚಿತ್ತ! ಅರವತ್ತು ಹುಡುಗಿಯರು ನಲವತ್ತೊಂದೆಂದು ಒಪ್ಪಿಸಿ ಉಪ್ಪಿಟ್ಟು ತಿಂದರು, ನಾನೂ ಒಪ್ಪಿಸಿ ತಿಂದೆ, ಮಹಾದೇವಕ್ಕನವರು ರಜಿಸ್ಟರಿನಲ್ಲಿ ಬರೆದುಕೊಂಡು "ಶಾಭಾಸ್" ಎಂದರು.

ಹೋದ ಶನಿವಾರ ಹಾಸ್ಟೆಲ್ ದಿನದ ರಸಪ್ರಶ್ನೆಯಲ್ಲಿ ಗೋದುಬಾಯಿ ತಾವಾಗಿ ಹೆಸರು ಕೊಟ್ಟರು. ಗೆದ್ದವರ ಹೆಸರು ಒಂದು ವಾರ ತಮ್ಮ ಮೇಲೆ ಇರುತ್ತದಲ್ಲ, ಅದಕ್ಕೆ. "ನನ್ನ ಹೆಸರ ದೊಡ್ಡದ ಮಾಡಿ ಬರೀರಿ ಮತ್ತ, ಹೆಂಗ ಕಾಣ್ತೈತಿ ನೋಡೂಣು" ಎಂದು ಮೊದಲೇ ಹೇಳಿದ್ದರು. ಒಬ್ಬೊಬ್ಬರನ್ನೇ ಸೋಲಿಸಿ, ಕೊನೆಗೆ ಫೈನಲ್ ಇಯರಿನ ಸುವರ್ಣಾಳ ಸಮಕ್ಕೆ ಬಂದು ನಿಂತರು. ಕೊನೆಯ ಪ್ರಶ್ನೆಗೆ ಮಹಾದೇವಕ್ಕನವರು ರಜಿಸ್ಟರು ತೆರೆದರೆ, ಬಂದದ್ದು ಮಂಗಟ್ಟೆ. ಪ್ರಶ್ನೆ ಮುಗಿಯುವ ಮೊದಲೇ ಗೋದುಬಾಯಿ "ನಾಲ್ವತ್ತೊಂದು!" ಎಂದು ಕೂಗಿದರು. ತೀರ್ಪುಗಾರರಾಗಿ ಬಂದಿದ್ದ ಉದಯಕುಮಾರ ಅವರು ಇಪ್ಪತ್ತು ವರ್ಷದಿಂದ ಈ ಕಾಡಿನಲ್ಲಿ ಪ್ರವಾಸಿಗರಿಗೆ ಹಕ್ಕಿ ತೋರಿಸುವವರು, ನಕ್ಕರು: "ಹಂಗ ಲೆಕ್ಕ ಇಲ್ಲರೀ ಬಾಯಾರ, ದಿನಾ ಒಂದ ನಮೂನಿ ಇರ್ತೈತಿ. ಯಾರ ಎಣಿಸ್ಯಾರ ಇದನ್ನ?" ಗೋದುಬಾಯಿ ಬಿಡಲಿಲ್ಲ: "ಹಲಗಿ ಸುಳ್ಳ ಹೇಳೂದಿಲ್ಲರೀ ಸಾಹೇಬ್ರ. ಅರವತ್ತ ಹುಡಿಗ್ಯಾರು ನನಗ ಹೇಳ್ಯಾರ!" ಇಡೀ ಸಭೆ ನಕ್ಕಿತು. ಹೆದರಿಕೆಗೆ ನಾನೂ ನಕ್ಕೆ. ಮುಂದಿನ ಪ್ರಶ್ನೆಗೆ ಸುವರ್ಣಾ ಗೆದ್ದಳು, ಗೋದುಬಾಯಿ ಚಹಾ ಇಡಲು ಒಳಗೆ ಹೋದರು.

ಅಂದಿನಿಂದ ಅವರು ಹಲಗೆ ಏನನ್ನುತ್ತದೆಂದು ಯಾರನ್ನೂ ಕೇಳುತ್ತಿಲ್ಲ. "ತಗೋ ಯವ್ವಾ" ಎಂದು ಬಡಿಸಿಬಿಡುತ್ತಾರೆ. ಪುಕ್ಕಟೆ ಸಿಗುವ ಈ ಉಪ್ಪಿಟ್ಟನ್ನು ನಾನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೇನೆ, ಮಾನ್ಯರೇ.

ಆದ್ದರಿಂದ ತಾವು ದಯವಿಟ್ಟು ಇನ್ನು ಮುಂದೆ ಸುಳ್ಳು ಬರೆಯುವವರ ಕೈಗೆ ಚಿವುಟಬೇಕು, ಆಗದಿದ್ದರೆ ನಾಚಿ ಬಿಳಿಚಿಕೊಳ್ಳಬೇಕು, ಅದೂ ಆಗದಿದ್ದರೆ ಕಾಡಿಗೆ ಹೋಗಿ ಪೊಟರೆಯೆದುರು ಕುಳಿತು ಸ್ವತಃ ಎಣಿಸಿಕೊಂಡು ಬರಬೇಕು, ಬರುವ ತನಕ ಇಟ್ಟಿಗೆಯನ್ನು ನಾನು ನೋಡಿಕೊಳ್ಳುತ್ತೇನೆ. ಇದ್ಯಾವುದೂ ತಮ್ಮಿಂದ ಆಗದೆಂದು ಗೊತ್ತಿರುವುದರಿಂದ, ಒಂದು ತಿಂಗಳು ಬಚ್ಚಲು ತೊಳೆದುಕೊಡುವ ಷರತ್ತಿನ ಮೇಲೆ ತುಳಸಾಳ ನಾಳೆಯ ಪಾಳಿಯನ್ನು ಕೇಳಿ ಪಡೆದಿದ್ದೇನೆ. ನಾಳೆ ಈ ಪತ್ರ ತಮ್ಮ ಪಕ್ಕದ ಗೋಡೆಯ ಮೇಲಿರುತ್ತದೆ. ತಮ್ಮ ಮೇಲೆ ಇಷ್ಟೇ ಇರುತ್ತದೆ: "ನಲವತ್ತೊಂದು ಮಂಗಟ್ಟೆಯದಲ್ಲ, ಸಿಲ್ವಿಯಾಳ ಟ್ರಂಕಿನ ನಂಬರು. ಸುಳ್ಳು ಹೇಳಿದವರು ನಾವು. ಹೇಳಿದ್ದೆಲ್ಲ ನೆನಪಿಟ್ಟವರು ಗೋದುಬಾಯಿ." ಕೊನೆಯ ಪದ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ಅವರು ಕೇಳದಿದ್ದರೂ ಅರವತ್ತು ಜನರೂ ಒಪ್ಪಿಸಲಿ. ಸಾಲಿನ ಕೊನೆಯಲ್ಲಿ ನಾನು ನಿಂತಿರುತ್ತೇನೆ.

ಇನ್ನು ಮೇಲೆ ವಿಚಾರಿಸಿಯೇ ನಂಬುವ ತಮ್ಮ ವಿಶ್ವಾಸಿ,
ಸಿಲ್ವಿಯಾ
ಟ್ರಂಕ್ ನಂಬರು ೪೧

ತಾ.ಕ.: ಇದರಲ್ಲಿ ನಂಬರ ಎಲ್ಲಿ ಎಂದು ಮಹಾದೇವಕ್ಕನವರು ಕೇಳಿದರೆ ದಯವಿಟ್ಟು ತಿಳಿಸಿ: ಒಪ್ಪಿಸಿದವರು ಅರವತ್ತು, ಯಾರು ಎಣಿಸಿದ್ದೆಂದು ಕೇಳಿದವರು ನಮ್ಮಲ್ಲಿ ಸೊನ್ನೆ. ಇದನ್ನು ನಾನೇ ಎಣಿಸಿದ್ದೇನೆ.