ಪಿಟೀಲು ಮೇಷ್ಟ್ರ ಬೈಕೂ ನನ್ನ ಸ್ವಾತಂತ್ರ್ಯವೂ

ಇನ್ನು ಈ ಜನ್ಮದಲ್ಲಿ ಹೆಂಡತಿಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ! ಹೀಗೆಂದು ನಾನು ಒಂದು ಭಾನುವಾರ ಬೆಳಿಗ್ಗೆ, ಮುಖದ ತುಂಬ ಸೋಪಿನ ನೊರೆ ಮೆತ್ತಿಕೊಂಡು ಗಡ್ಡ ಹೆರೆಯುತ್ತಿದ್ದಾಗ, ಕನ್ನಡಿಯ ಮುಂದೆ ಘೋಷಿಸಿದೆ. ಕನ್ನಡಿಯೊಳಗಿನ ಮಹಾಶಯ ತಕ್ಷಣ ಒಪ್ಪಿದ. ಒಪ್ಪಬೇಕಾದವಳು ಅಡುಗೆಮನೆಯಲ್ಲಿದ್ದಳು.

“ಏನಂದ್ರಿ?”

“ನನ್ನದೇ ಅಂತ ಒಂದು ಗಾಡಿ ತಗೋತೀನಿ ಅಂದೆ!”

“ಅದನ್ನ ಕನ್ನಡಿಗೆ ಯಾಕೆ ಹೇಳ್ತೀರಿ? ಅದೇನು ನಿಮ್ಮ ಹಿಂದೆ ಕೂತ್ಕೊಂಡು ಬರತ್ತಾ?”

ನನ್ನವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಾನು ಕಿವಿ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೇನೆ. ಹೊರಗಿನ ಸದ್ದು ನುಸುಳದಂಥ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, “ಸದ್ದು ಕೇಳಿದ ಕೂಡಲೇ ಬೆರಳೆತ್ತಿ” ಎನ್ನುವುದೇ ನನ್ನ ಉದ್ಯೋಗ. ಅವಳ ಶಾಲೆಯ ದಾರಿಯಲ್ಲೇ ನನ್ನ ಕ್ಲಿನಿಕ್ಕು. ಹಾಗಾಗಿ ಮದುವೆಯಾದ ಲಾಗಾಯ್ತು ಅವಳು ಮುಂದೆ, ನಾನು ಹಿಂದೆ, ನನ್ನ ತೊಡೆಯ ಮೇಲೆ ಅವಳ ಉತ್ತರಪತ್ರಿಕೆಗಳ ಕಟ್ಟು. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಸಹಿಸಿದ್ದೆ. ಆದರೆ ಹಿಂದಿನ ದಿನ ಶನಿವಾರ ರಸ್ತೆಯ ಉಬ್ಬೊಂದನ್ನು ಅವಳು ವೇಗ ತಗ್ಗಿಸದೆ ಹಾರಿಸಿದಳು. ನಾನು ಸೀಟಿನ ತುದಿಗೆ ಜಾರಿದೆ. ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ಅವಳ ಶಿಷ್ಯೆಯೊಬ್ಬಳು ಗಂಟಲು ಹರಿಯುವಂತೆ ಕೂಗಿದಳು: “ಟೀಚರ್, ನಿಮ್ಮ ಪಾರ್ಸೆಲ್ ಜಾರ್ತಾ ಇದೆ!”

ಇಡೀ ರಸ್ತೆ ನಕ್ಕಿತು. ನಗಲಿ ಬಿಡಿ! ನನ್ನವಳೂ ನಕ್ಕಳು ನೋಡಿ, ಅದು ನನಗೆ ತಡೆಯಲಾಗಲಿಲ್ಲ.

ಗಡ್ಡ ಮುಗಿಸಿದವನೇ ಚಪ್ಪಲಿ ಮೆಟ್ಟಿ ಹೊರಟೆ. ಹಿಂದಿನ ಬೀದಿಯ ಪಿಟೀಲು ಮೇಷ್ಟ್ರ ಮನೆಯ ಗೇಟಿಗೆ ‘ಬೈಕು ಮಾರಾಟಕ್ಕಿದೆ’ ಎಂಬ ರಟ್ಟು ನೇತುಬಿದ್ದು ಬಹಳ ಕಾಲವಾಗಿತ್ತು. ಬಿಸಿಲಿಗೆ ಅದರ ಅಕ್ಷರಗಳೇ ಮಾಸಿಹೋಗಿದ್ದವು. ಇಂಥ ರತ್ನವನ್ನು ಇಷ್ಟು ದಿನ ಯಾರೂ ಕೊಳ್ಳದಿದ್ದುದು ನನ್ನ ಪುಣ್ಯ ಎಂದುಕೊಂಡೆನೇ ಹೊರತು, ಯಾಕೆ ಕೊಳ್ಳಲಿಲ್ಲ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಹತ್ತಿರ ಸುಳಿಯಲಿಲ್ಲ.

ಪುಟ್ಟ ಬೈಕು. ಎರಡು ಸ್ಟ್ರೋಕಿನದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕದು, ಕೆಮ್ಮಿನಲ್ಲಿ ನಮ್ಮ ತಾತನಿಗಿಂತ ದೊಡ್ಡದು. ಮೇಷ್ಟ್ರು ಅದರ ಟ್ಯಾಂಕನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತ ಹೇಳಿದರು: “ಇದಕ್ಕೆ ಬರೀ ಪೆಟ್ರೋಲ್ ಸಾಲದು ಸ್ವಾಮಿ. ಅದರೊಳಗೇ ಎಣ್ಣೇನೂ ಬೆರೆಸ್ಬೇಕು. ಜಾಸ್ತಿ ಆದ್ರೆ ಹೊಗೆ, ಕಮ್ಮಿ ಆದ್ರೆ ಮುನಿಸು.”

“ಎಷ್ಟು ಹಾಕ್ಬೇಕು ಮೇಷ್ಟ್ರೇ?”

“ಅದೆಲ್ಲ ಹೇಳಿಕೊಟ್ಟು ಬರೋದಲ್ಲ. ಪಿಟೀಲಿನ ಹಾಗೆ, ಕೈಗೆ ತಾನಾಗೇ ಕೂರ್ಬೇಕು.”

ಒಂದೇ ಒಂದು ಒದೆ ಕೊಟ್ಟರು. ಟರ್‍ರ್... ಟಣಣಣಣ! ಗಿಡದ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. “ಎಂಥ ಶ್ರುತಿ ನೋಡಿ!” ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಬೀಗದಕೈ ಕೊಡುವಾಗ ಅವರ ಕಣ್ಣು ತುಂಬಿ ಬಂತು. ನಾನು ಗೇಟು ದಾಟುತ್ತಿದ್ದಂತೆ ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: “ಹೋಯ್ತೇನ್ರೀ? ನಿಜವಾಗ್ಲೂ ಹೋಯ್ತಾ?” ಪಾಪ, ಆ ತಾಯಿಗೂ ಎಷ್ಟು ಸಂಕಟವೋ ಎಂದು ಮರುಗಿದೆ.

ದಾರಿಯಲ್ಲಿ ಪೆಟ್ರೋಲು ತುಂಬಿಸಿ, ಮುನಿಸಿಗಿಂತ ಹೊಗೆಯೇ ವಾಸಿ ಎಂದು ಎಣ್ಣೆಯನ್ನು ಧಾರಾಳವಾಗಿ ಸುರಿದೆ. ನಮ್ಮ ಬೀದಿಗೆ ನಾನು ಪ್ರವೇಶಿಸಿದ್ದು ಬಿಳಿಮೋಡವೊಂದರ ನಡುವೆ. ಮಹಡಿ ಮನೆಯ ಅಜ್ಜಿ ಕಿಟಕಿಯಿಂದ ಬಗ್ಗಿ, “ಸೊಳ್ಳೆಗೆ ಹೊಗೆ ಹಾಕೋರು ಬಂದ್ರೇನಪ್ಪಾ? ನಮ್ಮ ಹಿತ್ತಿಲ ಕಡೆಗೂ ಒಂದು ಸುತ್ತು ಬಂದು ಹೋಗು!” ಎಂದಿತು.

ನನ್ನವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ಹೊಗೆ ಕರಗುವವರೆಗೆ ಕಾದು, ಗಾಡಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

“ಇದನ್ನ ದುಡ್ಡು ಕೊಟ್ಟು ತಂದ್ರಾ?”

“ಹಳೇ ಕಾಲದ ಗಟ್ಟಿ ಮಾಲು ಕಣೇ! ನಿನ್ನ ಪ್ಲಾಸ್ಟಿಕ್ ಸ್ಕೂಟರಿನ ಹಾಗಲ್ಲ.”

“ಕ್ಲಿನಿಕ್ಕು ಮುಟ್ಟತ್ತಾ?”

“ಮುಟ್ಟೋದೇನು, ಹೋಗಿ ವಾಪಸ್ಸೂ ಬರ್ತೀನಿ! ನಾಳೆ ಸೋಮವಾರ. ಇದರ ಮೇಲೇ ಹೋಗಿ ಇದರ ಮೇಲೇ ಮನೆಗೆ ಬಂದ್ರೆ ಏನ್ಮಾಡ್ತೀಯ?”

“ಮಂಗಳವಾರದಿಂದ ನನ್ನ ಸ್ಕೂಟರ್ ಮನೇಲಿ ಬಿಟ್ಟು ನಿಮ್ಮ ಹಿಂದೆ ಕೂತು ಶಾಲೆಗೆ ಹೋಗ್ತೀನಿ. ಬರ್ಲಿಲ್ಲ ಅನ್ನಿ, ಇದು ಗುಜರಿಗೆ. ನೀವು ಬಾಯಿ ಮುಚ್ಕೊಂಡು ನನ್ನ ಸ್ಕೂಟರಿಗೆ.”

“ಆಗ್ಲಿ!”

“ಆಮೇಲೆ ರಾಗ ಎಳೀಬಾರ್ದು.”

“ಯಾರು, ನಾನಾ?” ಎಂದು ಮೀಸೆಯಿಲ್ಲದ ಜಾಗವನ್ನೇ ತಿರುವಿದೆ.

ಸೋಮವಾರ ಬೆಳಿಗ್ಗೆ ನನ್ನ ದಿಗ್ವಿಜಯ ಹೊರಟಿತು. ದಾರಿಯಲ್ಲಿ ನನ್ನವಳು ಸ್ಕೂಟರಿನಲ್ಲಿ ನನ್ನನ್ನು ದಾಟಿ ಹೋದಳು. ಎರಡು ಸೈಕಲ್ಲುಗಳೂ ಒಂದು ತರಕಾರಿ ಗಾಡಿಯೂ ದಾಟಿ ಹೋದವು. ಹೋದರೆ ಹೋಗಲಿ! ಕೊನೆಗೆ ಕ್ಲಿನಿಕ್ಕು ಮುಟ್ಟಿದೆನಲ್ಲ! ಬಿಸಿಲು ತಾಗದಿರಲಿ ಎಂದು ಗಾಡಿಯನ್ನು ಅಕ್ಕರೆಯಿಂದ ಪಕ್ಕದ ಗೋಡೆಗೆ ಒರಗಿಸಿ ಬೀಗದಕೈ ತೆಗೆದೆ.

ಎಂಜಿನ್ ನಿಲ್ಲಲಿಲ್ಲ. ಬೀಗದಕೈ ನನ್ನ ಕೈಯಲ್ಲಿ, ಸದ್ದು ಅದರ ಬಾಯಲ್ಲಿ! ವಾಚ್‌ಮನ್ ಓಡಿ ಬಂದ.

“ಸಾರ್, ಆಫ್ ಮಾಡಿ.”

“ಮಾಡಿದೀನಯ್ಯಾ!”

“ಅದಕ್ಕೆ ಗೊತ್ತಾಗಿಲ್ಲ ಸಾರ್.”

ವಿಪರೀತ ಕಾದಾಗ ಈ ಜಾತಿಯ ಎಂಜಿನ್ನು ಹೀಗೆ ತನ್ನ ಕಾವಿನಿಂದಲೇ ಉರಿಯುತ್ತಿರುತ್ತದೆಂದು ನನಗೇನು ಗೊತ್ತು? ಹೊತ್ತಾಗಿತ್ತು. ಸುಸ್ತಾದಾಗ ತಾನೇ ನಿಲ್ಲುತ್ತದೆ ಎಂದು ಒಳಗೆ ಹೋಗಿ ಕೆಲಸಕ್ಕೆ ಕೂತೆ.

ಮೊದಲ ರೋಗಿ ಒಬ್ಬ ಅಜ್ಜ. ಸೊಸೆ ಕರೆತಂದಿದ್ದಳು. ಮನೆಯಲ್ಲಿ ಕೂಗಿ ಕೂಗಿ ಆಕೆಯ ಗಂಟಲೇ ಕೂತುಹೋಗಿತ್ತು. ಅಜ್ಜನನ್ನು ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಯಂತ್ರದ ಗುಂಡಿ ಒತ್ತುವ ಮೊದಲೇ ಅಜ್ಜನ ಬೆರಳು ಮೇಲೆದ್ದಿತು!

“ಅಜ್ಜಾ, ನಾನಿನ್ನೂ ಸದ್ದೇ ಬಿಟ್ಟಿಲ್ಲ!”

“ಕೇಳಿಸ್ತಾ ಇದೆ ಕಣಪ್ಪಾ! ಡಬಡಬ ಡಬಡಬ ಅಂತಿದೆ! ಆಹಾ, ಎಷ್ಟು ಚೆನ್ನಾಗಿ ಕೇಳಿಸ್ತಿದೆ!”

ನನ್ನ ಗಾಡಿ ಒರಗಿದ್ದು ಅದೇ ಕೋಣೆಯ ಹೊರಗೋಡೆಗೆ. ಗೋಡೆ, ಕುರ್ಚಿ, ಅಜ್ಜ ಎಲ್ಲವನ್ನೂ ಒಟ್ಟಿಗೆ ನಡುಗಿಸುತ್ತಿತ್ತು. ಸೊಸೆ ಬಿಳಿಚಿಕೊಂಡಳು. “ಮಾವಾ, ಹಾಗಾದ್ರೆ ಇಷ್ಟು ದಿನ ನಾನು ಗೊಣಗಿದ್ದೆಲ್ಲ ನಿಮಗೆ ಕೇಳಿಸ್ತಿತ್ತಾ?” ಎಂದಳು. ಅಜ್ಜ ನಗುತ್ತ ಬೆರಳೆತ್ತಿಕೊಂಡೇ ಕೂತಿದ್ದ. ಅವನ ನಂತರ ಬಂದವರೂ ಬೆರಳೆತ್ತಿದರು. ಕ್ಲಿನಿಕ್ಕಿನಲ್ಲಿ ಕಿವುಡರೇ ಇಲ್ಲದಂತಾಯಿತು!

ಡಾಕ್ಟರು ಕೆಂಡಾಮಂಡಲವಾಗಿ ಬಂದರು. “ಏನ್ರೀ ಇದು? ಎಲ್ಲಾರ್ಗೂ ಕಿವಿ ಕೇಳಿಸಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಲಾ? ಒಂದೋ ಅದು ನಿಲ್ಬೇಕು, ಇಲ್ಲ ನೀವು ಹೊರಡ್ಬೇಕು!”

“ಅದು ನನ್ನ ಸ್ವಂತ ಗಾಡಿ ಡಾಕ್ಟ್ರೇ!” ಎಂದು ಎದೆ ಸೆಟೆಸಿದೆ. ಅವರ ಮುಖ ನೋಡಿ, ಸೆಟೆಸಿದ ಎದೆಯೊಂದಿಗೇ ಹೊರಗೆ ಓಡಿ ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿ ಬಂದೆ. ಗಾಡಿ ಸ್ವಲ್ಪ ಹೊತ್ತು ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಪರೀಕ್ಷೆಗಳನ್ನೆಲ್ಲ ಮೊದಲಿಂದ ಮಾಡಿದೆ. ಬಂದ ಬೈಗುಳ ನನಗೆ ಲೆಕ್ಕಕ್ಕಿರಲಿಲ್ಲ. ಅರ್ಧ ಪಂದ್ಯ ಗೆದ್ದಿದ್ದೆ. ಮನೆ ಮುಟ್ಟಿದರೆ ಮುಗಿಯಿತು, ಪಾರ್ಸೆಲ್ ಎನ್ನುವವರ ಬಾಯಿಗೆ ಬೀಗ!

ಸಂಜೆ ಗೇಟಿನ ಬಳಿ ನನ್ನವಳ ಸ್ಕೂಟರು ನಿಂತಿತ್ತು.

“ನಾನೇನೂ ಕರ್ಕೊಂಡು ಹೋಗೋಕೆ ಬಂದಿಲ್ಲಪ್ಪ. ಸುಮ್ನೆ ನೋಡೋಣ ಅಂತ ಬಂದೆ.”

“ನೋಡು, ಕಣ್ತುಂಬ ನೋಡು! ನೀನು ಮನೆ ಮುಟ್ಟೋ ಮೊದಲೇ ನಾನು ಬಾಗಿಲಲ್ಲಿ ನಿಂತಿರ್ತೀನಿ!”

ನರ್ಸಮ್ಮ, ವಾಚ್‌ಮನ್ ಎಲ್ಲ ನೆರೆದರು. ಗಾಡಿಯನ್ನು ಕ್ಲಿನಿಕ್ಕಿನ ಬಾಗಿಲ ಮುಂದೆ ಗೇಟಿನತ್ತ ಮುಖ ಮಾಡಿ ನಿಲ್ಲಿಸಿ, ಪೆಟ್ರೋಲಿನ ನಲ್ಲಿ ಬಿಟ್ಟು, ಒದೆಯತೊಡಗಿದೆ. ಒದ್ದೆ, ಒದ್ದೆ, ಅಂಗಿ ಬೆವರಿಗೆ ಮೈಗಂಟುವವರೆಗೆ ಒದ್ದೆ. ಕಾಲಿನಲ್ಲಿ ತ್ರಾಣವಿಲ್ಲದೆ ಕೊನೆಯ ಒದೆ ಅರ್ಧಕ್ಕೇ ನಿಂತಿತು. ಕಿಕ್ಕರು ತಿರುಗಿ ನನ್ನ ಮೊಣಕಾಲಿಗೇ ಒಂದು ಕೊಟ್ಟಿತು. ಆದರೂ ಎಂಜಿನ್ ಹತ್ತಿಕೊಂಡಿತು! ನೋವು ನುಂಗಿಕೊಂಡು, ಗೇರು ಹಾಕಿ, ಹೆಂಡತಿಗೆ ರಾಜಗಾಂಭೀರ್ಯದಿಂದ ಕೈಬೀಸುತ್ತ ಕ್ಲಚ್ಚು ಬಿಟ್ಟೆ.

ಗಾಡಿ ಹೊರಟಿತು. ಆದರೆ ನನ್ನವಳು ಹತ್ತಿರವಾಗುವ ಬದಲು ಚಿಕ್ಕದಾಗುತ್ತ ಹೋದಳು! ಅಯ್ಯೋ, ಇವಳೇಕೆ ಹೀಗೆ ದೂರ ಸರಿಯುತ್ತಿದ್ದಾಳೆ ಎಂದುಕೊಂಡೆ. ಸರಿಯುತ್ತಿದ್ದವನು ನಾನೇ! ಗಾಡಿ ಹಿಂದಕ್ಕೆ ಓಡುತ್ತಿತ್ತು! ಮುಂದೆ ಹೋಗಲಿ ಎಂದು ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಇನ್ನಷ್ಟು ಹುರುಪಿನಿಂದ ಹಿಂದಕ್ಕೆ ಓಡಿತು. ಗಾಲಿಕುರ್ಚಿಯವರಿಗೆಂದು ಕಟ್ಟಿಸಿದ ಇಳಿಜಾರು ಹತ್ತಿ, ತೆರೆದ ಬಾಗಿಲಿನಿಂದ ಹಾಲಿಗೆ ನುಗ್ಗಿ, ಬೆಂಚಿನ ಮೇಲಿನವರೆಲ್ಲ ಕಾಲು ಮೇಲೆತ್ತಿಕೊಳ್ಳುತ್ತಿದ್ದಂತೆ ನಡುವೆ ಸಾಗಿ, ಪರೀಕ್ಷೆಯ ಕೋಣೆಯ ಬಾಗಿಲಿಗೆ ಧಡ್ ಎಂದು ಗುದ್ದಿ ನಿಂತಿತು.

ಒಳಗೆ ಡಾಕ್ಟರಿದ್ದರು. ಗಾಡಿ ಅಡ್ಡ ನಿಂತು ಬಾಗಿಲು ತೆರೆಯದಂತಾಗಿತ್ತು. ಬಾಗಿಲಿನ ಪುಟ್ಟ ಗಾಜಿನಾಚೆ ಅವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅವರು ಏನೇನು ಬೈದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಮೇಷ್ಟ್ರಿಗೆ ಫೋನು ಮಾಡಿ ರೇಗಿದೆ. ಅವರು ಹಿರಿಹಿರಿ ಹಿಗ್ಗಿದರು. “ಅರ್ಧ ಒದೆ ಬಿತ್ತಾ? ಹಾಗೆ ಬಿದ್ರೆ ಎಂಜಿನ್ ಉಲ್ಟಾ ತಿರುಗಿಬಿಡತ್ತೆ ಸ್ವಾಮಿ. ಆಗ ಗೇರು ಹಾಕಿದ್ರೆ ಹಿಂದಕ್ಕೇ ಓಟ! ಎರಡು ಸ್ಟ್ರೋಕಿನ ಗಾಡಿಗೆ ಮಾತ್ರ ಬರೋ ವಿದ್ಯೆ ಅದು!”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ತಗೋತಿದ್ರಾ?”

ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದೆ. ಈ ಸಲ ಪೂರ್ತಿ ಒದೆ, ನನ್ನೊಳಗಿನ ರೋಷವನ್ನೆಲ್ಲ ಸೇರಿಸಿದ ಒದೆ! ಕಿಕ್ಕರು ಕಿತ್ತು ಬಂದು ವಾಚ್‌ಮನ್ ಕಾಲಬುಡದಲ್ಲಿ ಬಿತ್ತು. ಅವನು ಅದನ್ನೆತ್ತಿ ಎರಡೂ ಕೈಯಿಂದ ನನಗೆ ಒಪ್ಪಿಸಿದ.

ನನ್ನವಳು ಸ್ಕೂಟರಿನ ಹಿಂದಿನ ಸೀಟನ್ನು ಮೆತ್ತಗೆ ತಟ್ಟಿದಳು. “ಬನ್ನಿ, ಆಯ್ತಲ್ಲ.”

“ಆಗಿಲ್ಲ! ಪ್ರಾಣ ಹೋದ್ರೂ ಅಲ್ಲಿ ಕೂರಲ್ಲ. ಈ ಗಾಡಿ ಮೇಲೇ ಮನೆಗೆ ಹೋಗ್ತೀನಿ!”

“ಹೇಗೆ ಹೋಗ್ತೀರಿ?”

ಹೇಗೋ ಏನೋ, ಹಟ ಮಾತ್ರ ಬೇಕಾದಷ್ಟಿತ್ತು. ಗಾಡಿ ಹತ್ತಿ ಕೂತೇಬಿಟ್ಟೆ. ಕಣ್ಣಲ್ಲಿ ನೀರು ಬರುವಷ್ಟಾಗಿತ್ತು, ಸುಳ್ಳು ಯಾಕೆ ಹೇಳಲಿ! ಅವಳು ನನ್ನ ಮುಖ ನೋಡಿದಳು. ಆಮೇಲೆ ವಾಚ್‌ಮನ್ ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಕೇಳಿ ಪಡೆದು, ಒಂದು ತುದಿಯನ್ನು ತನ್ನ ಸ್ಕೂಟರಿಗೂ ಇನ್ನೊಂದನ್ನು ನನ್ನ ಹ್ಯಾಂಡಲಿನ ಕೆಳಗೂ ಬಿಗಿದಳು. “ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದಳು, ನಗದೆ.

ರಬ್ಬರ್ ಪೈಪಿನ ಸ್ವಭಾವವೇ ವಿಚಿತ್ರ. ಅವಳು ಹೊರಟರೂ ನಾನು ನಿಂತಲ್ಲೇ ಇರುತ್ತಿದ್ದೆ. ಪೈಪು ಎಳೆದು ಎಳೆದು ತೆಳ್ಳಗಾದ ಮೇಲೆ ಒಮ್ಮೆಲೇ ಚಿಮ್ಮಿ ಅವಳ ಬೆನ್ನಿಗೆ ಬೀಳುವಂತಾಗುತ್ತಿದ್ದೆ. ಹೀಗೆ ನಿಲ್ಲುತ್ತ ಚಿಮ್ಮುತ್ತ ಸಾಗಿದೆವು. ನಾನು ತಲೆ ಮಾತ್ರ ತಗ್ಗಿಸಲಿಲ್ಲ. ತಿರುವಿನಲ್ಲಿ ಕೈ ತೋರಿಸಿದೆ, ಎದುರಿಗೆ ಬಂದವರಿಗೆ ಹಾರ್ನು ಹೊಡೆದೆ. ಗಾಡಿಯಲ್ಲಿ ಕೆಲಸ ಮಾಡುತ್ತಿದ್ದುದು ಅದೊಂದೇ.

ಮಹಡಿ ಮನೆಯ ಅಜ್ಜಿ ಕಿಟಕಿಯಿಂದ ಕೇಳಿತು: “ಗಾಡಿ ಕೆಟ್ಟೋಯ್ತಾ ಮಗಾ?”

“ಇಲ್ಲಜ್ಜೀ, ಪೆಟ್ರೋಲ್ ಉಳಿಸ್ತಾ ಇದೀವಿ!” ಎಂದು ಗರ್ಜಿಸಿದೆ.

ಮನೆಯ ಗೇಟಿನ ಮುಂದೆ ಸ್ಕೂಟರು ನಿಂತಿತು. ನಾನು ಗಾಡಿಯಿಂದ ಇಳಿಯಲಿಲ್ಲ.

“ಮೊದಲು ಒಪ್ಕೋ. ಗಾಡಿ ಮೇಲೇ ಹೋದೆ, ಗಾಡಿ ಮೇಲೇ ಬಂದೆ. ಗೆದ್ದೆನೋ ಇಲ್ವೋ?”

ಅವಳು ಹೆಲ್ಮೆಟ್ ತೆಗೆದು, ತಪ್ಪು ದಾರಿಯಲ್ಲಿ ಸರಿ ಉತ್ತರ ತಂದ ಹುಡುಗನಿಗೆ ಅಂಕ ಕೊಡಬೇಕೋ ಬೇಡವೋ ಎಂಬಂತೆ ಬಹಳ ಹೊತ್ತು ಯೋಚಿಸಿದಳು.

“ಗೆದ್ರಿ” ಎಂದಳು.

ನಾನು ಗಾಡಿಯ ಮೇಲೆಯೇ ಎದ್ದು ನಿಂತೆ. “ಹಾಗಾದ್ರೆ ನಾಳೆ?”

“ನಾಳೆ ನಿಮ್ಮ ಹಿಂದೆ ಕೂರ್ತೀನಿ. ಕೊಟ್ಟ ಮಾತಿಗೆ ತಪ್ಪಲ್ಲ. ಒಂದೇ ಒಂದು ಅನುಮಾನ ಇದೆ.”

“ಕೇಳು, ಧೈರ್ಯವಾಗಿ ಕೇಳು!”

ಅವಳು ಪೈಪನ್ನು ಬಿಚ್ಚಿ ಸುರುಳಿ ಸುತ್ತುತ್ತ, ತೀರಾ ಸಹಜವಾಗಿ ಕೇಳಿದಳು:

“ನಾನು ಹಿಂದೆ ಕೂತ್ರೆ, ಮುಂದೆ ಎಳೆಯೋರು ಯಾರ್‍ರೀ?”