ಎಪ್ಪತ್ತೊಂದು ಮೂರರ ಸೋಲು

ದಿಂಬಿನ ಕೆಳಗೆ ಫೋನು ಟಿಣ್ ಎಂದಿತು. ರಾತ್ರಿ ಒಂದು ಇಪ್ಪತ್ತು. ಪಕ್ಕದಲ್ಲಿ ಮಲಗಿದ್ದ ಮಗಳು ಎಚ್ಚರಗೊಳ್ಳುವ ಮೊದಲು ಅದರ ಬಾಯಿ ಮುಚ್ಚಿಸಬೇಕೆಂದು ಲೋಲಾಕ್ಷಿ ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ನೋಡಿದಳು. ಕಚೇರಿಯ ಗುಂಪಿನಲ್ಲಿ ಮ್ಯಾನೇಜರ್ ಲೆಸ್ಲಿ ಏನೋ ಹಾಕಿದ್ದರು. ಪಾಸ್‌ಪೋರ್ಟ್ ಪ್ರತಿ ತನ್ನಿ ಎಂದಿರಲಿ, ಯಾರದೋ ಹುಟ್ಟುಹಬ್ಬವಿರಲಿ, ಕಚೇರಿಯಿಂದ ಏನೇ ಬಂದರೂ ಅವಳ ಉತ್ತರ ಒಂದೇ, ಎತ್ತಿದ ಹೆಬ್ಬೆರಳು. ಮಾತಾಡಿ ತಪ್ಪುವುದಕ್ಕಿಂತ ಅದು ವಾಸಿ. ಈಗಲೂ ಅದನ್ನೇ ಒತ್ತಿ ಮಲಗಿದಳು.

ಬೆಳಿಗ್ಗೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮೆಟ್ರೊ ಹತ್ತಿ, ಕನ್ನಡಕ ಹಾಕಿಕೊಂಡು ನೋಡಿದಳು. "71–3. ನನಗೆ ಮಾತೇ ಬರುತ್ತಿಲ್ಲ," ಎಂದು ಲೆಸ್ಲಿ ಬರೆದಿದ್ದರು. ಅದರ ಕೆಳಗೆ ಮೋಹನದಾಸರ ಆರು ಅಳುವ ಮುಖಗಳು, ಮುರುಗೆಪ್ಪನವರ ಜೋಡಿಸಿದ ಕೈಗಳು. ಅವೆಲ್ಲಕ್ಕಿಂತ ಮೊದಲು ಹಳದಿಯಾಗಿ, ದಪ್ಪನಾಗಿ ಅವಳ ಹೆಬ್ಬೆರಳು.

ಲೆಸ್ಲಿ ಮಂಗಳೂರಿನ ಕುಲಶೇಖರದವರು. ರಗ್ಬಿ ಚೆಂಡನ್ನು ಎಂದೂ ಕೈಯಲ್ಲಿ ಹಿಡಿದವರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ದುಬೈಯಲ್ಲಿ ಅವರಿಗೆ ಸಿಕ್ಕ ಮೊದಲ ಸಾಹೇಬ ವೇಲ್ಸ್‌ನವನು. ನಿವೃತ್ತನಾಗಿ ಹೊರಡುವಾಗ ತನ್ನೂರಿನ ರಗ್ಬಿ ಕ್ಲಬ್ಬಿನ ಕೆಂಪು ಜೆರ್ಸಿಯನ್ನು ಇವರಿಗೆ ಕೊಟ್ಟುಹೋದ. ಅಂದಿನಿಂದ ಲೆಸ್ಲಿ ಆ ಊರನ್ನು ಕಾಣದೆಯೇ ಆ ಊರಿನವರಾದರು. ಅವರ ಕೈಕೆಳಗಿನ ಹನ್ನೊಂದು ಜನ ಬೇರೆ ದಾರಿಯಿಲ್ಲದೆ ಅಭಿಮಾನಿಗಳಾದರು. ಆ ತಂಡ ಈಗ ಅರ್ಜೆಂಟೀನಾ ಪ್ರವಾಸಕ್ಕೆ ಹೋಗಿ, ಒಗೆಯಲು ಹಾಕಿದ ಬಟ್ಟೆಯಂತೆ ಹೊಡೆಸಿಕೊಂಡಿತ್ತು.

ಬೇರೆ ದಿನವಾಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಇವತ್ತು ಸಂಜೆ ನಾಲ್ಕರೊಳಗೆ ಲೆಸ್ಲಿ ಮಾಲೀಕರಿಗೆ ಒಂದು ಹೆಸರು ಕಳಿಸಬೇಕಿತ್ತು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೊಸ ಕಚೇರಿಗೆ ಅಲ್ ಬರ್ಷಾದ ಈ ಕಚೇರಿಯಿಂದ ಹೋಗುವವರ ಹೆಸರು. ಲೋಲಾಕ್ಷಿ ಹೋಗುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಎರಡು ವರ್ಷದಿಂದ ಒಂಬತ್ತು ವರ್ಷದ ಮಗಳು ಪ್ರತೀಕ್ಷಾ ಮನೆಯ ಹೊರಗೆ ಒಂದು ಮಾತೂ ಆಡಿರಲಿಲ್ಲ. ಕಚೇರಿಯ ಹಿಂದಿನ ಬೀದಿಯಲ್ಲಿ ಇಂಥ ಮಕ್ಕಳಿಗೆ ಮಾತು ಬರಿಸುವ ಕೇಂದ್ರದಲ್ಲಿ ಅಮಿತಾ ಟೀಚರು ಹದಿನಾಲ್ಕು ತಿಂಗಳು ಅವಳ ಪಕ್ಕದಲ್ಲಿ ತಾಳ್ಮೆಯಿಂದ ಕೂತಿದ್ದರು. ಕಳೆದ ವಾರ ಮೊದಲ ಸಲ ಅವಳು ಅವರಿಗೆ, "ಐ ವಾಂಟ್ ವಾಟರ್," ಎಂದಿದ್ದಳು. ಆ ಮೂರು ಪದಗಳನ್ನು ಇಲ್ಲಿ ಬಿಟ್ಟು ಹೋಗುವುದು ಹೇಗೆ? ಮಗಳ ಈ ಮೌನದ ವಿಷಯ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಲೆಸ್ಲಿಗೆ ಹೇಳಿಬಿಡಬೇಕೆಂದು ಭಾನುವಾರವಿಡೀ ಅವಳು ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದಳು.

ಕಚೇರಿಯಲ್ಲಿ ಪ್ರಿಂಟರು ಕೂಡ ತಗ್ಗಿದ ದನಿಯಲ್ಲಿ ಕೆಲಸ ಮಾಡುತ್ತಿತ್ತು. ಲೆಸ್ಲಿಯವರ ಬಾಗಿಲು ಮುಚ್ಚಿತ್ತು.

"ಎಂತ ಮಾರಾಯ್ರೆ ನೀವು," ಎಂದು ಖರೀದಿ ವಿಭಾಗದ ಮೋಹನದಾಸ್ ಅವಳನ್ನು ಪ್ಯಾಂಟ್ರಿಗೆ ಕರೆದರು. ಉಡುಪಿಯವರು. ಇನ್ನೊಬ್ಬರ ಕಷ್ಟವೆಂದರೆ ಅವರಿಗೆ ಬಿಸಿ ಚಹಾದಷ್ಟೇ ಇಷ್ಟ. "ಅಲ್ಲಿ ಅವರು ಮಣ್ಣಲ್ಲಿ ಬಿದ್ದಿದ್ದಾರೆ, ನೀವು ಭೇಷ್ ಅಂತ ಬೆರಳು ತೋರಿಸುವುದಾ? ಅಬುಧಾಬಿಗೆ ನಿಮ್ಮ ಹೆಸರೇ. ಖಲಾಸ್."

"ಕನ್ನಡಕ ಇರ್ಲಿಲ್ಲ."

"ಅದನ್ನು ಹೇಳ್ಬೇಡಿ. ಅವರ ಸ್ಕೋರು ಕನ್ನಡಕ ಇಲ್ಲದೆ ನೋಡಿದ್ದು ಅಂತ ಇನ್ನೂ ಬೇಜಾರು ಮಾಡಿಕೊಳ್ತಾರೆ. ಕೊಡಿ ಫೋನು, ಅಳಿಸುವ."

ಮೋಹನದಾಸ್ ಅಳಿಸಿದರು. ಅಳಿಸಿದ್ದು ಅವಳ ಫೋನಿನಿಂದ ಮಾತ್ರ. ಈಗ ಆ ಹೆಬ್ಬೆರಳು ಅವಳೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಕಾಣುತ್ತಿತ್ತು.

"ಇರ್ಲಿ," ಎಂದರು ಮೋಹನದಾಸ್, ಸ್ವಲ್ಪವೂ ಅಳುಕದೆ. "ಒಳಗೆ ಹೋಗಿ, ಸೋತದ್ದು ಸ್ಕ್ರಮ್ಮಿನಿಂದ ಅಂತ ಹೇಳಿ. ಎಂಟೆಂಟು ಜನ ತಲೆ ಕೊಟ್ಟು ದೂಡುವುದು ಉಂಟಲ್ಲ, ಅದರಲ್ಲಿ ನಮ್ಮವರ ಕಾಲು ಜಾರಿತು. ಮಳೆ."

"ಕಾಲ್ ಜಾರಿಲ್ರೀ, ತಲಿ ಜಾರೇತಿ." ಸೈಟ್ ಎಂಜಿನಿಯರ್ ಮುರುಗೆಪ್ಪ ಬಾಗಿಲಲ್ಲೇ ಮಾತು ಕಿತ್ತುಕೊಂಡರು. ಬಾಗಲಕೋಟೆಯ ಮನುಷ್ಯ, ಕೈಯಲ್ಲಿ ರೊಟ್ಟಿಯ ಡಬ್ಬಿ. "ಕ್ಯಾಪ್ಟನ್ನಂದ ತಪ್ಪು. ಐವತ್ತು ಆಗೂತನಾ ಸುಮ್ನ ನಿಂತಾನ, ಮದಿವಿ ಮನ್ಯಾಗ ಬೀಗ್ರು ನಿಂತಂಗ. ಮಳಿ ಅಂತ, ಮಳಿ. ಅವ್ರಿಗೇನ್ ಛತ್ರಿ ಹಿಡಿದಿದ್ರೇನು?"

"ನೀವು ಮ್ಯಾಚ್ ನೋಡಿದ್ದೀರಾ?" ಎಂದರು ಮೋಹನದಾಸ್.

"ನೀವ್ ನೋಡೀರೇನು?"

ಇಬ್ಬರೂ ಚಹಾದ ಲೋಟಕ್ಕೆ ಕೈ ಹಾಕಿದರು.

"ಅಷ್ಟು ಕಷ್ಟ ಆದ್ರೆ ಚೆಂಡನ್ನ ಮುಂದಿದ್ದವರಿಗೆ ಎಸೆಯಬಹುದಿತ್ತಲ್ಲ," ಎಂದಳು ಲೋಲಾಕ್ಷಿ.

"ಎಸೆಯುವಂತಿಲ್ಲ. ಕೈಯಿಂದ ಕೊಡುವುದಾದರೆ ಹಿಂದೆ ಇದ್ದವನಿಗೇ ಕೊಡ್ಬೇಕು. ಅದು ಕಾನೂನು," ಎಂದರು ಮೋಹನದಾಸ್. ಅವರು ಕಾಗದದ ಕರವಸ್ತ್ರದ ಮೇಲೆ ಅವಳಿಗಾಗಿ ಆರು ವಾಕ್ಯ ಬರೆದರು. ಮುರುಗೆಪ್ಪ ಮೂರನ್ನು ಹೊಡೆದುಹಾಕಿ ನಾಲ್ಕು ಸೇರಿಸಿದರು. ಪರೀಕ್ಷೆಯ ಹುಡುಗಿಯಂತೆ ಅವಳು ಮಧ್ಯಾಹ್ನದವರೆಗೂ ಅದನ್ನು ಬಾಯಿಪಾಠ ಮಾಡಿದಳು. ಊಟದ ಡಬ್ಬಿ ಬಿಚ್ಚಲಿಲ್ಲ. ಅದನ್ನು ಕಂಡ ಮುರುಗೆಪ್ಪ ಉಪಕಾರ ಮಾಡೋಣವೆಂದು ಗುಂಪಿಗೆ ಬರೆದೇಬಿಟ್ಟರು: "ಸೋಲಿನ ದುಃಖದಲ್ಲಿ ಲೋಲಾಕ್ಷಿ ಮೇಡಂ ಬೆಳಿಗ್ಗೆಯಿಂದ ಉಪವಾಸ."

ಮೂರು ಗಂಟೆಗೆ ಲೆಸ್ಲಿ ಅವಳನ್ನು ಕರೆಸಿದರು.

ಕೆಂಪು ಜೆರ್ಸಿ ಕುರ್ಚಿಯ ಬೆನ್ನಿಗೆ ಜೋತುಬಿದ್ದಿತ್ತು. ಲೆಸ್ಲಿಯೂ ಹೆಚ್ಚುಕಡಿಮೆ ಹಾಗೇ ಇದ್ದರು. "ಊಟ ಮಾಡ್ಲಿಲ್ಲಂತೆ?" ಎಂದು ಕೇಳಿದರು.

ಲೋಲಾಕ್ಷಿ ಬಾಯಿ ತೆರೆದಳು. ಸ್ಕ್ರಮ್ಮು, ಕ್ಯಾಪ್ಟನ್ನು, ಮಳೆ ಒಂದೂ ನೆನಪಿಗೆ ಬರಲಿಲ್ಲ. ಭಾನುವಾರ ಜೋಡಿಸಿಟ್ಟ ಅವಳ ಸ್ವಂತ ವಾಕ್ಯಗಳೂ ಬರಲಿಲ್ಲ.

"ಹಿಂದೆ ಇದ್ದವರಿಗೇ ಕೊಡಬೇಕಂತಲ್ಲ ಸರ್," ಎಂದಳು. "ಹಿಂದೆ ಯಾರೂ ಇಲ್ಲದಿದ್ದರೆ ಹಿಡ್ಕೊಂಡವರು ಏನು ಮಾಡೋದು? ಎಷ್ಟು ದೂರ ಅಂತ ಒಬ್ಬರೇ ಓಡೋದು?"

ಅಷ್ಟು ಹೇಳಿದ್ದೇ ಕಣ್ಣಲ್ಲಿ ನೀರು ಉಕ್ಕಿತು. ಎರಡು ವರ್ಷದಿಂದ ಮಗಳ ಎದುರು ಅಳಬಾರದು, ಕಚೇರಿಯಲ್ಲಿ ಅಳಬಾರದು, ಮೆಟ್ರೊದಲ್ಲಂತೂ ಅಳಲೇಬಾರದು ಎಂದು ತಡೆದಿಟ್ಟದ್ದೆಲ್ಲ ಆ ಮೇಜಿನ ಮೇಲೆ ಬಿತ್ತು.

ಲೆಸ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಅಷ್ಟೇ ಆದದ್ದು ನಿನ್ನೆ," ಎಂದರು. "ಬೆಳಿಗ್ಗೆಯಿಂದ ಎಲ್ಲ ಬಂದು ಸ್ಕ್ರಮ್ ಅಂದ್ರು, ಮಳೆ ಅಂದ್ರು. ಹಿಂದೆ ಯಾರೂ ಇರ್ಲಿಲ್ಲ ಅಂತ ಒಬ್ಬರಿಗೂ ಕಾಣ್ಲಿಲ್ಲ. ನಿಮ್ಮ ಆ ಬೆರಳು ನೋಡಿ ಮೊದಲು ನನಗೆ ಕೋಪ ಬಂತು. ಆಮೇಲೆ ಗೊತ್ತಾಯ್ತು. ಎಲ್ಲ ಅಳುವಾಗ ನೀವೊಬ್ಬರೇ ಧೈರ್ಯ ಹೇಳಿದ್ದು." ಜೆರ್ಸಿಯ ತೋಳನ್ನು ಮಡಚಿದರು, ಬಿಚ್ಚಿದರು. "ಇದನ್ನು ಕೊಟ್ಟ ಸಾಹೇಬರು ಹೋದ ತಿಂಗಳು ತೀರಿಹೋದ್ರು. ಯಾವ ಮ್ಯಾಚಾದ್ರೂ ಫೋನಲ್ಲಿ ಒಟ್ಟಿಗೆ ನೋಡ್ತಿದ್ದೆವು. ನಿನ್ನೆ ನಾನು ಒಬ್ಬನೇ ನೋಡಿದ್ದು."

ಲೋಲಾಕ್ಷಿ ಮೂಗು ಒರೆಸಿಕೊಂಡಳು. ಈಗ ಹೇಳಬೇಕು. "ಸರ್, ಅಬುಧಾಬಿ ವಿಷಯ. ನನ್ನ ಮಗಳು..."

"ಮಗಳ ಶಾಲೆ ನಾನು ನೋಡ್ಕೊಳ್ತೇನೆ." ಲೆಸ್ಲಿ ಕಂಪ್ಯೂಟರಿನತ್ತ ತಿರುಗಿದರು. "ಯಾರಿಗೂ ಹೇಳಿಲ್ಲ, ಅಲ್ಲಿಯ ಕಚೇರಿಗೆ ನಾನೇ ಹೋಗ್ತಿದ್ದೇನೆ. ಜೊತೆಗೊಬ್ಬರು ಬೇಕು. ಮೋಹನದಾಸ್ ತಾನಾಗಿ ಬಂದು ಕೇಳಿದ್ರು, ಅವರ ಹೆಸರೇ ಬರೆದಿಟ್ಟಿದ್ದೆ. ಆದರೆ ಅಲ್ಲಿ ನನಗೆ ಮಾತಾಡ್ಲಿಕ್ಕೆ ಯಾರಿದ್ದಾರೆ?" ಕೀಲಿಗಳು ಟಕಟಕ ಎಂದವು. "ನಿಮ್ಮದು ಹಾಕಿದೆ. ಹೋಯ್ತು, ನೋಡಿ. ಇಪ್ಪತ್ತೆರಡು ವರ್ಷದಲ್ಲಿ ಈ ಕಚೇರಿಯಲ್ಲಿ ನನಗಾಗಿ ಅತ್ತವರು ನೀವೊಬ್ಬರೇ."

ಸರ್, ನಾನು ಅತ್ತದ್ದು ನಿಮಗಾಗಿ ಅಲ್ಲ ಎಂಬ ವಾಕ್ಯ ಅವಳಲ್ಲಿ ಸಿದ್ಧವಾಗಿಯೇ ಇತ್ತು. ಅವರ ಮುಖ ನೋಡಿದಳು. ಅವಳ ವೀಸಾಕ್ಕೆ ಸಹಿ ಹಾಕುವವರೂ ಅವರೇ. ಆದರೆ ಅವಳನ್ನು ತಡೆದದ್ದು ಆ ಭಯವೊಂದೇ ಅಲ್ಲ, ಆ ಒಂಟಿ ಮುಖವೂ ಹೌದು.

"ಥ್ಯಾಂಕ್ಯೂ ಸರ್," ಎಂದು ಹೊರಬಂದಳು.

ಸುದ್ದಿ ಅವಳಿಗಿಂತ ಮೊದಲೇ ಪ್ಯಾಂಟ್ರಿ ಮುಟ್ಟಿತ್ತು. "ಕಲಿಸಿದ್ದು ನಾನು, ಹೋಗುವುದು ನೀವಾ?" ಎಂದರು ಮೋಹನದಾಸ್. ಮುಖ ಬಾಡಿತ್ತು. "ಅಲ್ಲಿ ಅಣ್ಣನ ಮನೆ ಉಂಟು ಅಂತ ಎಷ್ಟು ಆಸೆ ಇತ್ತು ನನಗೆ. ಒಳಗೆ ಎಂತ ಹೇಳಿದ್ರಿ ನೀವು?"

"ಬಾಳ ಹುಷಾರದಾರ ಬಿಡ್ರಿ ಮೇಡಮ್ಮಾರು," ಎಂದರು ಮುರುಗೆಪ್ಪ.

ಐದೂವರೆಗೆ ಕೇಂದ್ರದ ಬಾಗಿಲಲ್ಲಿ ಅಮಿತಾ ಟೀಚರು ಕಾಯುತ್ತಿದ್ದರು. ಎಂದೂ ದನಿಯೇರಿಸದವರ ಮಾತು ಸಂತೋಷಕ್ಕೆ ತಡವರಿಸುತ್ತಿತ್ತು. ಇವತ್ತು ಪ್ರತೀಕ್ಷಾ ಇನ್ನೊಂದು ಮಗುವಿನ ಕೈ ಹಿಡಿದು, "ಯಲ್ಲಾ, ಕಮ್," ಎಂದು ಆಟಕ್ಕೆ ಕರೆದಳಂತೆ. ಎಲ್ಲರಿಗೂ ಕೇಳಿಸಿತಂತೆ. ಮುಂದಿನ ತಿಂಗಳು ಅವಳನ್ನು ನಾಲ್ಕು ಮಕ್ಕಳ ಜೊತೆ ಕೂರಿಸೋಣವೇ?

"ಕೂರಿಸೋಣ," ಎಂದಳು ಲೋಲಾಕ್ಷಿ, ತನ್ನ ಹೆಸರು ಅಬುಧಾಬಿಗೆ ಹೋಗಿದೆಯೆಂದು ಹೇಳಲಾರದೆ.

ಮೆಟ್ರೊದ ಮೆಟ್ಟಿಲ ಬಳಿ ಪ್ರತೀಕ್ಷಾ ಅವಳ ಮುಖವನ್ನೇ ನೋಡಿದಳು. ಕಣ್ಣು ಯಾಕೆ ಕೆಂಪಗಿದೆ ಎಂದು ಕೈಸನ್ನೆಯಲ್ಲೇ ಕೇಳಿದಳು.

"ನಮ್ಮ ತಂಡ ಸೋತುಹೋಯ್ತು ಮಗಾ," ಎಂದಳು ಲೋಲಾಕ್ಷಿ. ಇನ್ನು ಯಾರು ಕೇಳಿದರೂ ಇಷ್ಟೇ ಹೇಳುವುದು, ಲೆಸ್ಲಿಯವರ ಕೋಣೆಯಲ್ಲಿ ತಾನು ಅತ್ತದ್ದು ಯಾರಿಗಾಗಿ ಎಂಬುದನ್ನು ಯಾರಿಗೂ ಹೇಳಬಾರದು ಎಂದು ನಿರ್ಧರಿಸಿ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು.